ಒಕ್ಲಹೋಮ ಹಡಗಿನ ಒಬ್ಬ ನಾವಿಕ: ಗುರುತು ಸಿಕ್ಕ ಮೇಲೆ ಮನೆಯವರು ಮಾಡಬೇಕಾದ ತೀರ್ಮಾನಗಳು

ಪರ್ಲ್ ಹಾರ್ಬರ್ ದಾಳಿಯಲ್ಲಿ ಸತ್ತವರಿಗೆ ಗೌರವ ಅಂದ ಕೂಡಲೇ ನೆನಪಾಗುವುದು ಡಿಸೆಂಬರ್ 7ರ ಸಮಾರಂಭ, ಬಾವುಟ, ಕಹಳೆ. ಈ ಪ್ರಕರಣದಲ್ಲಿ ಅದೆಲ್ಲ ಬರುವುದು ಕೊನೆಯಲ್ಲಿ. ಆ ದಾಳಿಯಲ್ಲಿ ಸತ್ತ ಒಬ್ಬ ನಾವಿಕನ ಮೂಳೆಗಳ ಗುರುತು ಸಿಕ್ಕಿದ್ದು 2018ರಲ್ಲಿ. ಸಮಾರಂಭಕ್ಕೂ ಮೊದಲು ಅವನ ಕುಟುಂಬ ಕಷ್ಟದ ಕೆಲವು ತೀರ್ಮಾನ ಮಾಡಬೇಕಾಯಿತು. ಯಾರು ನಿರ್ಧರಿಸಬೇಕು, ಎಲ್ಲಿ ಹೂಳಬೇಕು, ಪೂರ್ತಿ ಸಿಗದ ದೇಹಕ್ಕೆ ಕಾಯಬೇಕಾ ಬೇಡವಾ, ಅವನ ಬಗ್ಗೆ ಏನು ಹೇಳಬೇಕು. ನನ್ನ ಪ್ರಕಾರ ಗೌರವ ಅನ್ನೋದು ನಿಂತಿದ್ದು ಈ ತೀರ್ಮಾನಗಳ ಮೇಲೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಕುಟುಂಬದ ಗುರುತು ಸಿಗದಂತೆ ಊರು, ಹೆಸರು ಮತ್ತು ಕೆಲವು ಸಣ್ಣ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ.

ಹಿನ್ನೆಲೆ

1941ರ ಡಿಸೆಂಬರ್ 7, ಭಾನುವಾರ. ಹವಾಯಿಯ ಪರ್ಲ್ ಹಾರ್ಬರ್ ಬಂದರಿನಲ್ಲಿ ಫೋರ್ಡ್ ದ್ವೀಪದ ಪಕ್ಕ ಅಮೆರಿಕದ ಯುದ್ಧನೌಕೆಗಳು ಸಾಲಾಗಿ ನಿಂತಿದ್ದವು. ಬೆಳಗ್ಗೆ ಎಂಟಕ್ಕೆ ಸ್ವಲ್ಪ ಮೊದಲು ಜಪಾನಿ ವಿಮಾನಗಳು ಬಂದವು. ಯುದ್ಧ ಘೋಷಣೆಯೇ ಆಗಿರಲಿಲ್ಲ. ಆ ದಿನ ಒಟ್ಟು 2,403 ಅಮೆರಿಕನ್ನರು ಸತ್ತರು. ಅದರಲ್ಲಿ 68 ಮಂದಿ ಸಾಮಾನ್ಯ ನಾಗರಿಕರು.

'ಒಕ್ಲಹೋಮ' ಹಡಗು 'ಮೇರಿಲ್ಯಾಂಡ್' ಹಡಗಿನ ಹೊರಬದಿಯಲ್ಲಿತ್ತು. ಹಾಗಾಗಿ ಟಾರ್ಪಿಡೊಗಳಿಗೆ ಅದು ನೇರವಾಗಿ ಸಿಕ್ಕಿತು. ಒಂದಾದ ಮೇಲೊಂದು ಬಡಿದವು. ಸುಮಾರು ಹನ್ನೆರಡು ನಿಮಿಷದಲ್ಲಿ ಹಡಗು ಮಗುಚಿಕೊಂಡಿತು. ತಳಭಾಗ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಒಳಗೆ ಸಿಕ್ಕಿಕೊಂಡವರು ಉಕ್ಕಿನ ಗೋಡೆ ಬಡಿಯುವ ಸದ್ದು ಹೊರಗಿನವರಿಗೆ ಕೇಳಿಸುತ್ತಿತ್ತು. ಹಡಗುಕಟ್ಟೆಯ ನೌಕರ ಜೂಲಿಯೊ ಡಿಕಾಸ್ಟ್ರೊ ಮತ್ತು ಅವರ ಜೊತೆಗಾರರು ತಳವನ್ನು ಕೊರೆದರು. 32 ಜನ ಜೀವಂತ ಹೊರಗೆ ಬಂದರು. 429 ಜನ ಬರಲಿಲ್ಲ.

ನಮ್ಮ ಪ್ರಕರಣದ ನಾವಿಕ ಆ 429 ಜನರಲ್ಲಿ ಒಬ್ಬ. ವಯಸ್ಸು ಇಪ್ಪತ್ತು. ಅಮೆರಿಕದ ನಡುಭಾಗದ ಒಂದು ಕೃಷಿ ಕುಟುಂಬದ ಹಿರಿಯ ಮಗ. ಹಡಗಿನ ಬಾಯ್ಲರ್ ವಿಭಾಗದಲ್ಲಿ ಕೆಲಸ. ಮದುವೆ ಆಗಿರಲಿಲ್ಲ. ಒಬ್ಬ ತಮ್ಮ, ಒಬ್ಬಳು ತಂಗಿ. ಮೊದಲು ಬಂದ ತಂತಿ ಅವನು ಕಾಣೆಯಾಗಿದ್ದಾನೆ ಅಂತ ಹೇಳಿತು. ಎರಡನೆಯದು ಸತ್ತಿದ್ದಾನೆ ಅಂತ ಹೇಳಿತು. ಆಮೇಲೆ ವರ್ಷಗಟ್ಟಲೆ ಏನೂ ಬರಲಿಲ್ಲ. ಕೊನೆಗೆ ಯುದ್ಧ ಮುಗಿದ ಮೇಲೆ ಒಂದು ಪತ್ರ: ಅವನ ಅವಶೇಷಗಳನ್ನು ಗುರುತಿಸಲು ಸಾಧ್ಯವಿಲ್ಲ.

ಯಾಕೆ ಗುರುತು ಸಿಗಲಿಲ್ಲ

ಇದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಹಡಗನ್ನು ನೆಟ್ಟಗೆ ಮಾಡಿದ್ದು 1943ರಲ್ಲಿ. ಅಲ್ಲಿಯವರೆಗೆ ಹೆಚ್ಚಿನ ದೇಹಗಳು ನೀರು ಮತ್ತು ಇಂಧನ ತೈಲದಲ್ಲೇ ಇದ್ದವು. ಹೊರತೆಗೆಯುವ ಕೆಲಸ 1944ರವರೆಗೂ ನಡೆಯಿತು. ತೆಗೆದವರನ್ನು ಹವಾಯಿಯ ಎರಡು ಸ್ಮಶಾನಗಳಲ್ಲಿ ಹೂಳಿದರು. 1947ರಲ್ಲಿ ಮತ್ತೆ ಹೊರತೆಗೆದು ಪ್ರಯೋಗಾಲಯಕ್ಕೆ ಒಯ್ದರು. ಆಗ ಇದ್ದದ್ದು ಹಲ್ಲಿನ ದಾಖಲೆ, ಎತ್ತರದ ಲೆಕ್ಕ, ಅಷ್ಟೇ. 35 ಜನರ ಗುರುತು ಮಾತ್ರ ಖಚಿತವಾಯಿತು. ಉಳಿದವರ ಮೂಳೆಗಳು ಒಂದಕ್ಕೊಂದು ಬೆರೆತು ಪೆಟ್ಟಿಗೆಗಳಲ್ಲಿ ಸೇರಿದವು. ಹೊನೊಲುಲುವಿನ ಪಂಚ್‌ಬೌಲ್ ಅನ್ನುವ ಹಳೆಯ ಜ್ವಾಲಾಮುಖಿ ಕುಳಿಯಲ್ಲಿರುವ ರಾಷ್ಟ್ರೀಯ ಸ್ಮಶಾನದಲ್ಲಿ ಅವನ್ನು ಹೂಳಿದರು. ಕಲ್ಲಿನ ಮೇಲೆ ಹೆಸರಿನ ಜಾಗದಲ್ಲಿ 'ಅಜ್ಞಾತ' ಎಂದಿತ್ತು.

ದಾಳಿಯಲ್ಲಿ ಬದುಕುಳಿದ ರೇ ಎಮೊರಿ ಎಂಬ ಹಳೆಯ ನಾವಿಕ ಇದನ್ನು ಸುಮ್ನೆ ಬಿಡಲಿಲ್ಲ. ವರ್ಷಗಟ್ಟಲೆ ದಾಖಲೆ ತಡಕಿದರು. ಅವರ ಹುಡುಕಾಟದಿಂದಾಗಿ 2003ರಲ್ಲಿ ಒಂದು ಪೆಟ್ಟಿಗೆ ತೆರೆದರು. ಐದು ಜನರದ್ದು ಅಂದುಕೊಂಡಿದ್ದ ಆ ಪೆಟ್ಟಿಗೆಯಲ್ಲಿ ತೊಂಬತ್ತಕ್ಕೂ ಹೆಚ್ಚು ಜನರ ಡಿಎನ್ಎ ಸಿಕ್ಕಿತು. ಆಗ ಒಂದು ವಿಷಯ ಸ್ಪಷ್ಟವಾಯಿತು. ಒಬ್ಬರನ್ನು ಮನೆಗೆ ಕಳಿಸಬೇಕಾದರೆ ಎಲ್ಲರನ್ನೂ ಹೊರತೆಗೆಯಬೇಕು.

ಇದಕ್ಕೆ ನೌಕಾಪಡೆಯೊಳಗೇ ವಿರೋಧವಿತ್ತು. ಸಮಾಧಿಯನ್ನು ಕದಡಬಾರದು ಅನ್ನುವ ಮಾತಿಗೆ ಅದರದ್ದೇ ಆದ ತೂಕವಿದೆ. ಪಕ್ಕದಲ್ಲೇ 'ಅರಿಜೋನ' ಹಡಗಿದೆ. ಅದರಲ್ಲಿ 1,177 ಜನ ಸತ್ತರು. ಅವರಲ್ಲಿ ಒಂಬೈನೂರಕ್ಕೂ ಹೆಚ್ಚು ಮಂದಿ ಇವತ್ತಿಗೂ ಹಡಗಿನೊಳಗೇ ಇದ್ದಾರೆ. ಆ ಹಡಗೇ ಅವರ ಸಮಾಧಿ. ಅಲ್ಲಿ ಮುಟ್ಟದಿರುವುದೇ ಗೌರವ. ಒಕ್ಲಹೋಮದವರ ವಿಷಯ ಬೇರೆ. ಅವರನ್ನು ಒಂದಲ್ಲ ಎರಡು ಸಲ ಆಗಲೇ ಹೊರತೆಗೆದು ಬೆರೆಸಿಬಿಟ್ಟಿದ್ದರು. 2015ರ ಏಪ್ರಿಲ್‌ನಲ್ಲಿ ರಕ್ಷಣಾ ಇಲಾಖೆ ಎಲ್ಲ ಪೆಟ್ಟಿಗೆಗಳನ್ನು ತೆಗೆಯಲು ಆದೇಶಿಸಿತು. ಅದೇ ವರ್ಷ 61 ಪೆಟ್ಟಿಗೆಗಳು ಹೊರಬಂದವು. ಹಲ್ಲುಗಳ ಪರೀಕ್ಷೆ ಹವಾಯಿಯಲ್ಲಿ, ಉಳಿದ ಮೂಳೆಗಳ ಕೆಲಸ ನೆಬ್ರಾಸ್ಕದ ಆಫಟ್ ವಾಯುನೆಲೆಯಲ್ಲಿ, ಡಿಎನ್ಎ ಪರೀಕ್ಷೆ ಡೆಲವೇರ್‌ನ ಡೋವರ್‌ನಲ್ಲಿ. ಒಟ್ಟು ಸುಮಾರು 13,000 ಮೂಳೆಗಳು.

ಮೊದಲ ತೊಡಕು: ರಕ್ತ ಒಬ್ಬರದ್ದು, ಅಧಿಕಾರ ಇನ್ನೊಬ್ಬರದ್ದು

ಹಳೆಯ ಮೂಳೆಯಲ್ಲಿ ಹೆಚ್ಚಾಗಿ ಉಳಿಯುವುದು ಮೈಟೋಕಾಂಡ್ರಿಯಾದ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗದ, ಡಿಎನ್ಎ. ಒಂದು ಜೀವಕೋಶದಲ್ಲಿ ಅದರ ಪ್ರತಿಗಳು ತುಂಬ ಇರುತ್ತವೆ, ಅದಕ್ಕೆ. ಅದು ಬರುವುದು ತಾಯಿಯಿಂದ ಮಾತ್ರ. ಅಂದರೆ ನಾವಿಕನಿಗೆ ಹೋಲಿಸಲು ಬೇಕಾದದ್ದು ಅವನ ತಂಗಿಯ ಸಂತತಿ. ತಮ್ಮನಲ್ಲೂ ಅದೇ ಡಿಎನ್ಎ ಇತ್ತು, ಆದರೆ ತಮ್ಮ ತೀರಿಕೊಂಡಿದ್ದ, ಅವನ ಮಗನಿಗೆ ಅದು ದಾಟುವುದಿಲ್ಲ.

ಕಾನೂನಿನ ದಾರಿ ಬೇರೆ. ಅವಶೇಷಗಳ ಬಗ್ಗೆ ತೀರ್ಮಾನಿಸುವ ಹಕ್ಕು ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಹೀಗೆ ಇಳಿಯುತ್ತದೆ. ಒಂದೇ ಹಂತದವರಲ್ಲಿ ಹಿರಿಯರಿಗೆ ಮೊದಲು. ಇಲ್ಲಿ ಉಳಿದಿದ್ದವರು ಇಬ್ಬರೇ: ತಮ್ಮನ ಮಗ ಮತ್ತು ತಂಗಿಯ ಮಗಳು. ಇಬ್ಬರೂ ಎಪ್ಪತ್ತರ ಆಸುಪಾಸು. ತಮ್ಮನ ಮಗ ಎರಡು ವರ್ಷ ದೊಡ್ಡವನು. ಹಾಗಾಗಿ ಹಕ್ಕು ಅವನದ್ದು. ಡಿಎನ್ಎ ಅವಳದ್ದು. ಇಬ್ಬರೂ ಆ ದೊಡ್ಡಪ್ಪನನ್ನು, ಸೋದರಮಾವನನ್ನು ಕಂಡವರಲ್ಲ. ಅವನು ಸತ್ತ ಮೇಲೆ ಹುಟ್ಟಿದವರು.

ಮಾದರಿ ಕೇಳಿ ಫೋನ್ ಬಂದಾಗ ತಂಗಿಯ ಮಗಳು ಮೊದಲು ನಂಬಲಿಲ್ಲ. ಯಾರೋ ಮೋಸಗಾರರು ಅಂದುಕೊಂಡು ಫೋನ್ ಇಟ್ಟಳು. ಅದು ಸಹಜ, ಅಲ್ವಾ? ಎಪ್ಪತ್ತು ವರ್ಷ ಯಾರೂ ವಿಚಾರಿಸದ ವ್ಯಕ್ತಿಯ ಬಗ್ಗೆ ಯಾರೋ ಫೋನ್ ಮಾಡಿ ಡಿಎನ್ಎ ಕೊಡಿ ಅಂದರೆ ಯಾರು ನಂಬುತ್ತಾರೆ? ಆಮೇಲೆ ಅಧಿಕೃತ ಪತ್ರ ಬಂತು. ಕೆನ್ನೆಯ ಒಳಭಾಗದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಕಳಿಸಿದಳು. ತಮ್ಮನ ಮಗನಿಗೆ ಹೇಳಲಿಲ್ಲ. ಇದರಲ್ಲಿ ದುರುದ್ದೇಶ ಇರಲಿಲ್ಲ. ಫಲಿತಾಂಶ ಬರುತ್ತದೋ ಇಲ್ಲವೋ, ಈಗಲೇ ಯಾಕೆ ಹೇಳಬೇಕು ಅಂತ ಅನ್ನಿಸಿತ್ತು. ಆದರೆ ಅವನಿಗೆ ವಿಷಯ ಗೊತ್ತಾಗಿದ್ದು ನೌಕಾಪಡೆಯ ಕಚೇರಿಯಿಂದ. ಮುಂದೆ ಬಂದ ಜಗಳದ ಅರ್ಧ ಕಾರಣ ಅದೇ.

ಇನ್ನರ್ಧ ಕಾರಣ ಗಟ್ಟಿಯಾದದ್ದು. ತಮ್ಮನ ಮಗನಿಗೆ ಈ ಕೆಲಸವೇ ಇಷ್ಟವಿರಲಿಲ್ಲ. ಅವನ ಅಪ್ಪ ಒಮ್ಮೆ ಪಂಚ್‌ಬೌಲ್‌ಗೆ ಹೋಗಿದ್ದರು. ಅಲ್ಲಿನ ಅಮೃತಶಿಲೆಯ ಗೋಡೆಯ ಮೇಲೆ ಅಣ್ಣನ ಹೆಸರನ್ನು ಕೈಯಾರೆ ಮುಟ್ಟಿದ್ದರು. 'ಅವನು ಅವನ ಜೊತೆಗಾರರ ಜೊತೆ ಇದ್ದಾನೆ, ಸಾಕು' ಅಂತ ಮನೆಗೆ ಬಂದು ಹೇಳಿದ್ದರು. ಮಗ ಅದನ್ನೇ ಅಪ್ಪನ ಕೊನೆಯ ಇಚ್ಛೆ ಅಂತ ಹಿಡಿದಿದ್ದ.

ಕಾಯುವಿಕೆ

ಹೊಂದಾಣಿಕೆ ಸಿಕ್ಕಿತು, ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಸಂಬಂಧವೇ ಇಲ್ಲದವರಲ್ಲೂ ಮೈಟೋಕಾಂಡ್ರಿಯಾದ ಡಿಎನ್ಎ ಒಂದೇ ಆಗಿರಬಹುದು. ಆ ಹಡಗಿನಲ್ಲಿ ಇವನದ್ದೇ ಡಿಎನ್ಎ ಹೋಲುವವರು ಬೇರೆಯವರೂ ಇದ್ದರು. ಅವರನ್ನು ಬೇರ್ಪಡಿಸಲು ಬೇರೆ ಸಾಕ್ಷ್ಯ ಬೇಕಿತ್ತು. ಆಗ ಪ್ರಯೋಗಾಲಯ ತಮ್ಮನ ಮಗನ ಬಳಿ ಬಂತು. ತಂದೆಯಿಂದ ಗಂಡುಮಕ್ಕಳಿಗೆ ಬರುವ ವೈ ವರ್ಣತಂತು ಅವನಲ್ಲಿತ್ತು.

ಇದು ಮೊದಲ ತಿರುವು. ವಿರೋಧಿಸುತ್ತಿದ್ದವನೇ ಈಗ ಕೊಡಬೇಕಾಗಿತ್ತು. ಅವನು ಕೂಡಲೇ ಒಪ್ಪಲಿಲ್ಲ. ಅವನ ಮನಸ್ಸು ಬದಲಾಯಿಸಿದ್ದು ಯಾರ ಭಾಷಣವೂ ಅಲ್ಲ, ಕಚೇರಿಯವರು ಫೋನಿನಲ್ಲಿ ಹೇಳಿದ ಒಂದು ಸರಳ ವಿಷಯ: ಇವನ ಗುರುತು ಖಚಿತವಾಗದಿದ್ದರೆ ಅದೇ ಡಿಎನ್ಎ ಇರುವ ಉಳಿದವರದ್ದೂ ತಡವಾಗುತ್ತದೆ. ಜೊತೆಗಾರರ ಜೊತೆ ಇರಲಿ ಅನ್ನುತ್ತಿದ್ದವನಿಗೆ, ತಾನು ತಡೆಹಿಡಿಯುತ್ತಿರುವುದು ಆ ಜೊತೆಗಾರರನ್ನೇ ಅಂತ ಗೊತ್ತಾಯಿತು. ಮಾದರಿ ಕೊಟ್ಟ. ಕೊನೆಗೆ ವೈ ವರ್ಣತಂತು, ಎತ್ತರ, ಮತ್ತು 1940ರಲ್ಲಿ ಸೇರುವಾಗ ಬರೆದಿಟ್ಟ ಹಲ್ಲಿನ ನಕ್ಷೆ ಎಲ್ಲ ಸೇರಿ ಗುರುತು ನಿಂತಿತು. 2018ರಲ್ಲಿ ಸುದ್ದಿ ಬಂತು.

ಮನೆಗೆ ಬಂದ ದಪ್ಪ ಪುಸ್ತಕ

ನೌಕಾಪಡೆಯ ಪ್ರತಿನಿಧಿ ಮನೆಗೆ ಬಂದು ಕೂತು ವಿವರಿಸಿದರು. ಅವರ ಕೈಯಲ್ಲಿ ಒಂದು ದಪ್ಪ ವರದಿ ಇತ್ತು. ಹಡಗಿನ ಇತಿಹಾಸ, ಹೂಳಿದ್ದು, ತೆಗೆದದ್ದು, ಪರೀಕ್ಷೆಗಳು ಎಲ್ಲ ಅದರಲ್ಲಿತ್ತು. ಕೊನೆಯ ಪುಟಗಳಲ್ಲಿ ಅಸ್ಥಿಪಂಜರದ ಒಂದು ರೇಖಾಚಿತ್ರ. ಸಿಕ್ಕ ಮೂಳೆಗಳಿಗೆ ಬಣ್ಣ ತುಂಬಿದ್ದರು. ಸಿಗದವು ಬಿಳಿ. ಬಲಗೈ ಮೊಣಕೈಯಿಂದ ಕೆಳಗೆ ಪೂರ್ತಿ ಬಿಳಿಯಾಗಿತ್ತು. ಎಡಗಾಲಿನ ಪಾದವೂ ಬಿಳಿ. ತಂಗಿಯ ಮಗಳು ಆ ಪುಟದ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತಿದ್ದಳು. ಪ್ರತಿನಿಧಿ ಅವಸರ ಮಾಡಲಿಲ್ಲ, ಮಾತೂ ಆಡಲಿಲ್ಲ. ಅದು ಒಳ್ಳೆಯ ಕೆಲಸ.

ಆಮೇಲೆ ಬಂದದ್ದು ಒಂದು ಫಾರಂ. ಮುಂದೆ ಇನ್ನಷ್ಟು ಮೂಳೆ ಸಿಕ್ಕರೆ ನಿಮಗೆ ತಿಳಿಸಬೇಕಾ? ಅಥವಾ ಸರ್ಕಾರವೇ ಗೌರವದಿಂದ ವಿಲೇವಾರಿ ಮಾಡಬಹುದಾ? ಈ ಪ್ರಶ್ನೆ ಬರುತ್ತದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ತಮ್ಮನ ಮಗ ಪೆನ್ನು ತೆಗೆದುಕೊಂಡ. ತಿಳಿಸುವುದು ಬೇಡ ಅನ್ನುವ ಕಡೆಗೆ ಅವನ ಒಲವಿತ್ತು. ಒಂದು ಸಲ ಹೂತ ಮೇಲೆ ಮತ್ತೆ ಮತ್ತೆ ಗಾಯ ಕೆದಕುವುದು ಯಾಕೆ? ತಂಗಿಯ ಮಗಳು ಪೂರ್ತಿ ಸಿಗುವವರೆಗೆ ಕಾಯೋಣ ಅಂದಳು.

ಆ ದಿನ ಅವರು ಸಹಿ ಹಾಕಲಿಲ್ಲ. ಇಡೀ ಪ್ರಕರಣದಲ್ಲಿ ಇದೇ ಅತ್ಯಂತ ಒಳ್ಳೆಯ ನಿರ್ಧಾರ ಅಂತ ನನಗನ್ನಿಸುತ್ತದೆ. ಫಾರಂ ಮನೆಯಲ್ಲೇ ಉಳಿಯಿತು. ಒಂದೆರಡು ವಾರ ಫೋನಿನಲ್ಲಿ ಮಾತು ನಡೆಯಿತು. ಕೊನೆಗೆ ನಡುದಾರಿ ಸಿಕ್ಕಿತು. ಸಿಕ್ಕಷ್ಟನ್ನು ಈಗ ಹೂಳುವುದು. ಮುಂದೆ ಸಿಕ್ಕರೆ ತಿಳಿಸಿ ಅಂತ ಬರೆಯುವುದು. ಆದರೆ ಆಗ ಸಮಾರಂಭ ಇಲ್ಲ, ಅದೇ ಸಮಾಧಿಗೆ ಮನೆಯವರಷ್ಟೇ ಸೇರಿಸುವುದು. ಕಾಯುತ್ತಾ ಕೂತರೆ ತಮ್ಮಿಬ್ಬರಲ್ಲಿ ಯಾರಾದರೂ ಇಲ್ಲವಾಗಬಹುದು ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಎಲ್ಲಿ?

ಪಂಚ್‌ಬೌಲ್‌ನಲ್ಲೇ ಹೆಸರಿನ ಕಲ್ಲಿನಡಿ ಹೂಳಬಹುದು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನಕ್ಕೆ ಒಯ್ಯಬಹುದು. ಹುಟ್ಟೂರಿಗೆ ತರಬಹುದು. ಖರ್ಚು ಸರ್ಕಾರದ್ದು. ಹುಟ್ಟೂರಿನಲ್ಲಿ ಅವನ ತಾಯಿಯ ಸಮಾಧಿಯ ಪಕ್ಕ 1940ರ ದಶಕದಿಂದಲೂ ಒಂದು ಕಲ್ಲಿತ್ತು. ಅವನ ಹೆಸರು, ಹಡಗಿನ ಹೆಸರು, ಪರ್ಲ್ ಹಾರ್ಬರ್ ಅಂತ ಕೆತ್ತಿತ್ತು. ಕೆಳಗೆ ಯಾರೂ ಇರಲಿಲ್ಲ.

ಕಲ್ಲು ಸ್ಮಾರಕ ಮಾತ್ರ, ಜಾಗ ಅವನಿಗೆ ಅಂತ ಬಿಟ್ಟದ್ದಲ್ಲ ಅನ್ನುವುದು ತಮ್ಮನ ಮಗನ ವಾದ. ಜಗಳ ಮುಂದುವರಿಸುವ ಬದಲು ತಂಗಿಯ ಮಗಳು ಸ್ಮಶಾನದ ರಿಜಿಸ್ಟರ್ ನೋಡಲು ಹೋದಳು. ಹಳೆಯ ಕೈಬರಹದ ಪುಸ್ತಕ. 1942ರ ಒಂದು ಸಾಲಿನಲ್ಲಿ ತಾಯಿಯ ಹೆಸರಿನಲ್ಲಿ ಎರಡು ಜಾಗಕ್ಕೆ ಹಣ ಕಟ್ಟಿದ್ದು ದಾಖಲಾಗಿತ್ತು. ಒಂದು ತನಗೆ. ಇನ್ನೊಂದರ ಮುಂದೆ ಮಗನ ಹೆಸರು. ಗಂಡನಿಗೆ ಆಗಲೇ ಬೇರೆ ಸಾಲಿನಲ್ಲಿ ಜಾಗ ಇತ್ತು. ಅವಳು ಮಗ ಬರುತ್ತಾನೆ ಅಂತಲೇ ಜಾಗ ಕೊಂಡಿದ್ದಳು.

ಆ ಪುಟದ ಫೋಟೊ ಕಳಿಸಿದ ಮೇಲೆ ತಮ್ಮನ ಮಗ ವಾದ ಮಾಡಲಿಲ್ಲ. ಅಪ್ಪನ ಮಾತಿಗಿಂತ ಅಜ್ಜಿಯ ಹಕ್ಕು ದೊಡ್ಡದು ಅಂತ ಅವನೇ ಹೇಳಿದ. ನೆನಪುಗಳ ನಡುವೆ ಜಗಳ ಆದಾಗ ಯಾರ ನೆನಪು ದೊಡ್ಡದು ಅಂತ ಅಳೆಯಲು ಆಗುವುದಿಲ್ಲ. ದಾಖಲೆ ಹುಡುಕಿದರೆ ಮಾತು ಮುಂದೆ ಹೋಗುತ್ತದೆ.

ಊರಿನ ಉತ್ಸಾಹ

ಸುದ್ದಿ ಊರಿಗೆ ತಲುಪಿದ ಕೂಡಲೇ ಒಂದು ಸಮಿತಿ ಆಯಿತು. ಅವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಎರಡು ವಿಷಯ ಕುಟುಂಬಕ್ಕೆ ಭಾರವಾಯಿತು.

ಒಂದು ದಿನಾಂಕ. ಸಮಿತಿಗೆ ಡಿಸೆಂಬರ್ 7 ಬೇಕಿತ್ತು. ಆ ಭಾಗದಲ್ಲಿ ಡಿಸೆಂಬರ್ ಅಂದರೆ ಹೆಪ್ಪುಗಟ್ಟಿದ ನೆಲ, ಹಿಮ, ಪ್ರಯಾಣದ ಕಷ್ಟ. ವಯಸ್ಸಾದ ಬಂಧುಗಳು ಬರಲು ಆಗುತ್ತಿರಲಿಲ್ಲ. ಕುಟುಂಬ ಬೇಸಿಗೆಯಲ್ಲಿ ಬರುವ ಅವನ ಹುಟ್ಟುಹಬ್ಬದ ದಿನ ಆರಿಸಿತು. ಇದು ಬೇಗ ಇತ್ಯರ್ಥವಾಯಿತು.

ಎರಡನೆಯದು ಕಷ್ಟದ್ದು. ಸಮಿತಿ ಅಚ್ಚು ಹಾಕಿಸಲು ಸಿದ್ಧ ಮಾಡಿದ ಕರಪತ್ರದಲ್ಲಿ ಒಂದು ಕಥೆ ಇತ್ತು. ಹಡಗು ಮಗುಚುವಾಗ ಈ ಹುಡುಗ ಟಾರ್ಚ್ ಹಿಡಿದು ಕತ್ತಲಲ್ಲಿ ನಿಂತ, ಬೇರೆಯವರನ್ನು ಹೊರಗೆ ಕಳಿಸಿದ, ತಾನು ಉಳಿದ. ಓದಿದರೆ ಗಂಟಲು ಕಟ್ಟುತ್ತದೆ. ಆದರೆ ಅದು ಇವನ ಕಥೆ ಅಲ್ಲ. ಒಕ್ಲಹೋಮದಲ್ಲಿ ಹಾಗೆ ಮಾಡಿದವರು ಫ್ರಾನ್ಸಿಸ್ ಫ್ಲಾಹರ್ಟಿ ಮತ್ತು ಜೇಮ್ಸ್ ವಾರ್ಡ್. ಫಿರಂಗಿ ಗೋಪುರದೊಳಗೆ ಟಾರ್ಚ್ ಹಿಡಿದು ಜೊತೆಗಾರರಿಗೆ ದಾರಿ ತೋರಿಸಿ ಪ್ರಾಣ ಕೊಟ್ಟವರು. ಇಬ್ಬರಿಗೂ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಮರಣೋತ್ತರವಾಗಿ ಬಂದಿದೆ. ಯಾರೋ ಹಡಗಿನ ಬಗ್ಗೆ ಓದಿ, ಹಾಗೇ ಇವನಿಗೂ ಹೊಂದಿಸಿದ್ದರು.

ನಮ್ಮ ನಾವಿಕ ಹೇಗೆ ಸತ್ತ ಅನ್ನುವುದಕ್ಕೆ ಸಾಕ್ಷಿ ಇಲ್ಲ. ಕುಟುಂಬ ಆ ಸಾಲುಗಳನ್ನು ತೆಗೆಸಿತು. ಸಮಿತಿಯ ಒಬ್ಬರಿಗೆ ಬೇಜಾರಾಯಿತು. ಅವನನ್ನು ಸಣ್ಣವನನ್ನಾಗಿ ಮಾಡುತ್ತಿದ್ದೀರಿ ಅಂದರು. ತಂಗಿಯ ಮಗಳ ಉತ್ತರ ನನಗೆ ತುಂಬ ಹಿಡಿಸಿತು: ಇಷ್ಟು ವರ್ಷ ಅವನ ಮೂಳೆ ಬೇರೆಯವರ ಮೂಳೆ ಜೊತೆ ಬೆರೆತಿತ್ತು, ಅದನ್ನು ಬಿಡಿಸಲು ಅಷ್ಟು ಜನ ಕಷ್ಟಪಟ್ಟರು, ಈಗ ನಾವು ಕಥೆ ಬೆರೆಸುವುದು ಬೇಡ.

ಹಾಗಾದರೆ ಹೇಳುವುದೇನು? ಗೊತ್ತಿದ್ದದ್ದನ್ನು. 1940ರಲ್ಲಿ ನೌಕಾಪಡೆ ಸೇರಿದ. ಬಾಯ್ಲರ್ ಕೋಣೆಯ ಬಿಸಿಯ ಬಗ್ಗೆ ತಂಗಿಗೆ ಪತ್ರ ಬರೆದಿದ್ದ. ಸಂಬಳದಲ್ಲಿ ಒಂದು ಭಾಗ ಮನೆಗೆ ಕಳಿಸುತ್ತಿದ್ದ. ಮೇಲಿನ ದವಡೆಯಲ್ಲಿ ಎರಡು ಹಲ್ಲು ತುಂಬಿಸಿಕೊಂಡಿದ್ದ, ಅದೇ ಕೊನೆಗೆ ಅವನನ್ನು ಹುಡುಕಲು ನೆರವಾಯಿತು. ಕರಪತ್ರದಲ್ಲಿ ಇಷ್ಟೇ ಇತ್ತು. ಜನ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು.

ನಡೆದದ್ದು

ಪೆಟ್ಟಿಗೆಯೊಳಗೆ ಅವಶೇಷಗಳನ್ನು ಕಂಬಳಿಯಲ್ಲಿ ಸುತ್ತಿ ಪಿನ್ ಹಾಕಿದ್ದರು. ಅದರ ಮೇಲೆ ನಾವಿಕನ ಪೂರ್ತಿ ಸಮವಸ್ತ್ರ, ಪದಕದ ಪಟ್ಟಿಗಳ ಸಮೇತ, ಇಸ್ತ್ರಿ ಮಾಡಿ ಹಾಸಿತ್ತು. ಮುಚ್ಚುವ ಮೊದಲು ಇಬ್ಬರೂ ನೋಡಿದರು. ಸ್ಮಶಾನದಲ್ಲಿ ಮೂರು ಸುತ್ತು ಗುಂಡಿನ ಗೌರವ, ಸೈನಿಕರ ಅಂತ್ಯಕ್ರಿಯೆಯಲ್ಲಿ ನುಡಿಸುವ ಟ್ಯಾಪ್ಸ್ ಕಹಳೆ, ತ್ರಿಕೋನಾಕಾರಕ್ಕೆ ಮಡಚಿದ ಬಾವುಟ. ಬಾವುಟ ಹಕ್ಕಿನ ಪ್ರಕಾರ ತಮ್ಮನ ಮಗನಿಗೆ ಸೇರಬೇಕು. ಅವನು ತೆಗೆದುಕೊಂಡು ತಂಗಿಯ ಮಗಳ ತೊಡೆಯ ಮೇಲಿಟ್ಟ. ಹಳೆಯ ಕಲ್ಲನ್ನು ಕೀಳಲಿಲ್ಲ. ಅದರ ಮುಂದೆ ಸರ್ಕಾರ ಕೊಟ್ಟ ಹೊಸ ಫಲಕ ಹಾಕಿದರು.

ಸ್ವಲ್ಪ ಸಮಯದ ನಂತರ ಮತ್ತೆ ಫೋನ್ ಬಂತು. ಬಲಗೈಯ ಒಂದು ಮೂಳೆ ಸಿಕ್ಕಿತ್ತು. ಮೊದಲೇ ತೀರ್ಮಾನಿಸಿದ್ದರಿಂದ ಗೊಂದಲ ಆಗಲಿಲ್ಲ. ಅದೇ ಸಮಾಧಿಯಲ್ಲಿ ಸೇರಿಸಿದರು. ಇಬ್ಬರು, ಅವರ ಮಕ್ಕಳು, ಒಬ್ಬ ಪಾದ್ರಿ. ಬೇರೆ ಯಾರೂ ಇರಲಿಲ್ಲ.

ಈ ಪ್ರಕರಣದಿಂದ ಬೇರೆಯವರು ಏನು ತೆಗೆದುಕೊಳ್ಳಬಹುದು

ಇಂಥ ಕುಟುಂಬಗಳ ಜೊತೆ ಕೆಲಸ ಮಾಡುವವರಿಗೆ ಮುಖ್ಯವಾದದ್ದು ಹಕ್ಕು ಮತ್ತು ಡಿಎನ್ಎ ಬೇರೆ ಬೇರೆ ಕಡೆ ಇರುವ ಸಾಧ್ಯತೆ. ಮಾದರಿ ಕೇಳುವ ದಿನವೇ ಇಬ್ಬರಿಗೂ ತಿಳಿಸಿದ್ದರೆ ಇಲ್ಲಿ ಎಷ್ಟೋ ಕಹಿ ತಪ್ಪುತ್ತಿತ್ತು. ಇನ್ನಷ್ಟು ಅವಶೇಷ ಸಿಕ್ಕರೆ ಏನು ಅನ್ನುವ ಪ್ರಶ್ನೆಯನ್ನು ವರದಿಯ ಜೊತೆ ಒಂದೇ ದಿನ ಮೇಜಿನ ಮೇಲಿಡುವುದು ತುಂಬ ಜಾಸ್ತಿ ಆಗುತ್ತದೆ. ಗುರುತು ಖಚಿತವಾಗುವ ಮೊದಲೇ, ಹೀಗೊಂದು ಪ್ರಶ್ನೆ ಬರಬಹುದು ಅಂತ ಸರಳ ಮಾತಿನಲ್ಲಿ ಹೇಳಿಟ್ಟರೆ ಯೋಚಿಸಲು ಸಮಯ ಸಿಗುತ್ತದೆ.

ಊರಿನ ಸಮಿತಿಗಳಿಗೆ: ಅನಿರೀಕ್ಷಿತ ದಾಳಿಯಲ್ಲಿ ಸತ್ತವರಲ್ಲಿ ಬಹಳ ಜನರಿಗೆ ಹೋರಾಡುವ ಅವಕಾಶವೇ ಸಿಗಲಿಲ್ಲ. ಕೆಲವರು ಮಲಗಿದ್ದರು, ಕೆಲವರು ಪಾಳಿಯಲ್ಲಿದ್ದರು. ಅವರು ಅಲ್ಲಿ ಕೆಲಸಕ್ಕೆ ನಿಂತಿದ್ದರು ಅನ್ನುವುದೇ ಗೌರವಕ್ಕೆ ಪೂರ್ತಿ ಕಾರಣ. ಅದಕ್ಕೆ ಸಾಹಸ ಸೇರಿಸುವ ಅಗತ್ಯವಿಲ್ಲ.

ಒಂದು ವಿಷಯದಲ್ಲಿ ಕುಟುಂಬದೊಳಗೆ ಇವತ್ತಿಗೂ ಒಮ್ಮತ ಇಲ್ಲ. ತಮ್ಮನ ಮಗನಿಗೆ ಈಗಲೂ ಅನ್ನಿಸುತ್ತದೆ, ದೊಡ್ಡಪ್ಪ ಜೊತೆಗಾರರಿಂದ ದೂರ ಬಂದ ಅಂತ. ಅವನ ಭಾವನೆಯನ್ನು ಯಾರೂ ತಪ್ಪು ಅನ್ನಲಿಲ್ಲ, ಅದು ಸರಿ. ಅವನು ಹವಾಯಿಗೆ ಹೋಗಿ ಬಂದ. ಪಂಚ್‌ಬೌಲ್‌ನ ಗೋಡೆಯ ಮೇಲೆ, ಗುರುತು ಸಿಕ್ಕವರ ಹೆಸರಿನ ಪಕ್ಕ ಒಂದು ಸಣ್ಣ ಹೂವಿನ ಗುರುತು ಹಾಕುತ್ತಾರೆ. ಅದನ್ನು ನೋಡಿದ. ಫೋರ್ಡ್ ದ್ವೀಪದಲ್ಲಿ 2007ರಲ್ಲಿ ಕಟ್ಟಿದ ಒಕ್ಲಹೋಮ ಸ್ಮಾರಕದಲ್ಲಿ 429 ಬಿಳಿ ಕಂಬಗಳಿವೆ, ಒಬ್ಬೊಬ್ಬರಿಗೆ ಒಂದೊಂದು. ಅಲ್ಲಿ ಅವನ ದೊಡ್ಡಪ್ಪ ಜೊತೆಗಾರರ ನಡುವೆಯೇ ಇದ್ದಾನೆ. ಅದು ಅವನಿಗೆ ಸ್ವಲ್ಪ ಸಮಾಧಾನ ಕೊಟ್ಟಿತು, ಪೂರ್ತಿ ಅಲ್ಲ.

2021ರ ಹೊತ್ತಿಗೆ 429 ಜನರಲ್ಲಿ 396 ಮಂದಿಯ ಗುರುತು ಸಿಕ್ಕಿತ್ತು. ಉಳಿದ 33 ಜನರನ್ನು ಅದೇ ವರ್ಷ ಡಿಸೆಂಬರ್ 7ರಂದು ಪಂಚ್‌ಬೌಲ್‌ನಲ್ಲಿ ಮತ್ತೆ ಹೂಳಿದರು. ನಮ್ಮ ನಾವಿಕನ ಎಡಪಾದ ಈಗಲೂ ಸಿಕ್ಕಿಲ್ಲ. ಮುಂದೆ ಏನಾದರೂ ಸಿಕ್ಕರೆ ಯಾರಿಗೆ ಫೋನ್ ಮಾಡಬೇಕು ಅಂತ ತಂಗಿಯ ಮಗಳು ಕಚೇರಿಗೆ ಬರೆದು ಕೊಟ್ಟಿದ್ದಾಳೆ: ತನ್ನ ಮಗಳ ಹೆಸರು, ಅದರ ಕೆಳಗೆ ತಮ್ಮನ ಮಗನ ಮಗನ ಹೆಸರು.